ಯಾರು, ಯಾರ ಮೇಲೆ? ಆಗುಂಬೆಯ ಮಳೆಯಿಂದ ಶರಾವತಿಯ ಟರ್ಬೈನಿನವರೆಗೆ ಬಲ ಮತ್ತು ಚಲನೆ

ಆಗುಂಬೆಯ ಮೇಲೆ ಕವಿದ ಮೋಡ ನೆಲದಿಂದ ಒಂದು ಕಿಲೋಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅಲ್ಲಿಂದ ಒಂದು ಹನಿ ಬೀಳುತ್ತದೆ. ಭೂಮಿಯ ಸೆಳೆತದಿಂದ ಅದರ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರ್‌ನಷ್ಟು ಏರುತ್ತಲೇ ಹೋದರೆ, ನೆಲ ಮುಟ್ಟುವ ಹೊತ್ತಿಗೆ ಆ ಹನಿ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿರಬೇಕು. ಅಂಥ ಹನಿಗಳ ಕೆಳಗೆ ಹಂಚಿನ ಮಾಡೂ ಉಳಿಯುವುದಿಲ್ಲ, ಅಡಿಕೆ ಸೋಗೆಯೂ ಉಳಿಯುವುದಿಲ್ಲ, ಕಂಬಳಿ ಕೊಪ್ಪೆ ಹೊದ್ದು ಗದ್ದೆಯಲ್ಲಿ ನಾಟಿ ಮಾಡುವವರೂ ಉಳಿಯುವುದಿಲ್ಲ. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಊರಿನಲ್ಲಿ ಜನ ಚೆನ್ನಾಗಿಯೇ ಬದುಕಿದ್ದಾರೆ. ಏಕೆಂದರೆ ಐದು ಮಿಲಿಮೀಟರ್ ದಪ್ಪದ ದೊಡ್ಡ ಹನಿ ಕೂಡ ನೆಲಕ್ಕೆ ಬರುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಒಂದು ಮಿಲಿಮೀಟರ್ ಹನಿಯಾದರೆ ಬರೀ 4 ಮೀಟರ್.

ಈ ಹನಿಯನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಚಲನೆಯ ನಿಯಮಗಳಲ್ಲಿ ಅತಿ ಕಷ್ಟದ್ದು ಅರ್ಥವಾದಂತೆ. ಹನಿಯ ಮೇಲೆ ಇರುವುದು ಎರಡೇ ಬಲ. ಒಂದು, ಭೂಮಿ ಹನಿಯನ್ನು ಕೆಳಕ್ಕೆ ಎಳೆಯುವುದು. ಇದು ಬದಲಾಗುವುದಿಲ್ಲ. ಇನ್ನೊಂದು, ಗಾಳಿ ಹನಿಯನ್ನು ಮೇಲಕ್ಕೆ ತಡೆಯುವುದು. ಇದು ವೇಗದೊಂದಿಗೆ ಏರುತ್ತದೆ. ದೊಡ್ಡ ಹನಿಗಳ ಮಟ್ಟಿಗೆ ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಮೋಡದಿಂದ ಹೊರಟ ಕ್ಷಣದಲ್ಲಿ ತಡೆ ಇಲ್ಲವೇ ಇಲ್ಲ, ಹನಿ ಬಿರುಸಾಗುತ್ತದೆ. ಬಿರುಸಾದಷ್ಟೂ ತಡೆ ಬಲಿಯುತ್ತದೆ. ಮೊದಲ ಹತ್ತು ಹದಿನೈದು ಮೀಟರ್ ಇಳಿಯುವಷ್ಟರಲ್ಲೇ ಎರಡೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಹನಿಯ ಮೇಲಿನ ಒಟ್ಟು ಬಲ ಸೊನ್ನೆ.

ಇಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ಒಟ್ಟು ಬಲ ಸೊನ್ನೆಯಾದರೆ ಹನಿ ಗಾಳಿಯಲ್ಲಿ ನಿಂತುಬಿಡಬೇಕಲ್ಲವೇ? ಒಂಬತ್ತನೇ ತರಗತಿಯ ಮಕ್ಕಳಿರಲಿ, ಡಿಗ್ರಿ ಮುಗಿಸಿದ ಅನೇಕರೂ ಹೌದೆನ್ನುತ್ತಾರೆ. ಉತ್ತರ: ಇಲ್ಲ. ಬಲ ಸೊನ್ನೆಯಾದರೆ ವೇಗ ಸೊನ್ನೆಯಾಗಬೇಕಿಲ್ಲ; ವೇಗ ಬದಲಾಗುವುದು ನಿಲ್ಲಬೇಕು, ಅಷ್ಟೇ. ಸೆಕೆಂಡಿಗೆ 9 ಮೀಟರ್ ಇದ್ದಾಗ ಬಲಗಳು ಸಮನಾದವು, ಆದ್ದರಿಂದ ಅದೇ 9 ಮೀಟರ್ ವೇಗದಲ್ಲಿ ಹನಿ ನೆಲದವರೆಗೂ ಬರುತ್ತದೆ. ಬಲ ಚಲನೆಯನ್ನು ಉಂಟುಮಾಡುವುದಿಲ್ಲ, ಚಲನೆಯನ್ನು ಬದಲಿಸುತ್ತದೆ. ನ್ಯೂಟನ್ನನ ಮೊದಲನೆಯ ನಿಯಮ ಹೇಳುವುದು ಇದನ್ನೇ: ಹೊರಗಿನ ಒಟ್ಟು ಬಲ ಇಲ್ಲದಿದ್ದರೆ ನಿಂತದ್ದು ನಿಂತೇ ಇರುತ್ತದೆ, ಓಡುತ್ತಿರುವುದು ಅದೇ ವೇಗದಲ್ಲಿ, ಅದೇ ನೇರದಲ್ಲಿ ಓಡುತ್ತಲೇ ಇರುತ್ತದೆ.

ಇದನ್ನು ನಂಬಲು ಕಷ್ಟವಾಗುವುದರಲ್ಲಿ ಯಾರ ತಪ್ಪೂ ಇಲ್ಲ. ಗಾಡಿಯನ್ನು ತಳ್ಳುವುದು ಬಿಟ್ಟರೆ ನಿಲ್ಲುತ್ತದೆ, ಪೆಡಲ್ ಬಿಟ್ಟರೆ ಸೈಕಲ್ ನಿಲ್ಲುತ್ತದೆ. ನಾವು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಚಲಿಸುವುದಕ್ಕೆ ಸದಾ ತಳ್ಳುವವರೊಬ್ಬರು ಬೇಕು ಎಂದು ಗ್ರೀಸಿನ ಅರಿಸ್ಟಾಟಲ್ ಕೂಡ ನಂಬಿದ್ದ, ಅವನ ಮಾತು ಎರಡು ಸಾವಿರ ವರ್ಷದಷ್ಟು ಕಾಲ ನಡೆಯಿತು. ಅದನ್ನು ಅಲುಗಾಡಿಸಿದವನು ಇಟಲಿಯ ಗೆಲಿಲಿಯೋ (1564–1642). ಒಂದು ಇಳಿಜಾರಿನಲ್ಲಿ ಗುಂಡನ್ನು ಉರುಳಿಬಿಟ್ಟರೆ ಎದುರಿನ ಏರಿನಲ್ಲಿ ಅದು ಹೆಚ್ಚುಕಡಿಮೆ ಹೊರಟಷ್ಟೇ ಎತ್ತರಕ್ಕೆ ಏರುತ್ತದೆ. ಏರನ್ನು ಚಪ್ಪಟೆ ಮಾಡುತ್ತಾ ಹೋದರೆ ಆ ಎತ್ತರ ಮುಟ್ಟಲು ಗುಂಡು ಇನ್ನೂ ಇನ್ನೂ ದೂರ ಓಡಬೇಕಾಗುತ್ತದೆ. ಹಾಗಾದರೆ ಏರೇ ಇಲ್ಲದೆ, ನೆಲ ಪೂರ್ತಿ ಮಟ್ಟವಾಗಿ, ಪೂರ್ತಿ ನುಣುಪಾಗಿದ್ದರೆ? ಗುಂಡಿಗೆ ನಿಲ್ಲಲು ಕಾರಣವೇ ಇಲ್ಲ. ನಮ್ಮ ಸೈಕಲ್ ನಿಲ್ಲುವುದು ತಳ್ಳುವವರಿಲ್ಲದೆ ಅಲ್ಲ, ತಡೆಯುವವರು ಇರುವುದರಿಂದ: ರಸ್ತೆ, ಗಾಳಿ, ಬೇರಿಂಗುಗಳ ಘರ್ಷಣೆ. ಗೆಲಿಲಿಯೋನ ಈ ಕಾಣ್ಕೆಯನ್ನು ಗಣಿತದ ಚೌಕಟ್ಟಿಗೆ ತಂದು, 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾದಲ್ಲಿ ಮೂರು ನಿಯಮಗಳಾಗಿ ಇಟ್ಟವನು ಐಸಾಕ್ ನ್ಯೂಟನ್.

ಆ ಮೂರನ್ನೂ ಬಾಯಿಪಾಠ ಮಾಡುವುದಕ್ಕಿಂತ ಒಂದು ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲೇ ‘ಬಲ’ ಎಂಬ ಮಾತು ಬಂದರೂ ಕೂಡಲೇ ಕೇಳಬೇಕು: ಯಾರು ಹಾಕಿದ ಬಲ? ಯಾರ ಮೇಲೆ? ಎರಡಕ್ಕೂ ಹೆಸರು ಹೇಳಲು ಆಗದಿದ್ದರೆ ಅಲ್ಲಿ ಬಲವೇ ಇಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೀರಿ. ಅಡ್ಡ ಬಂದ ದನವನ್ನು ಕಂಡು ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ನಿಮ್ಮನ್ನು ಮುಂದಕ್ಕೆ ತಳ್ಳಿದ್ದು ಯಾರು? ಹಿಂದಿನವರು ಮುಟ್ಟಿಲ್ಲ, ಗಾಳಿ ಬೀಸಿಲ್ಲ. ಹೆಸರು ಸಿಗುವುದಿಲ್ಲ, ಏಕೆಂದರೆ ಯಾರೂ ತಳ್ಳಿಲ್ಲ. ಬಸ್ಸಿನ ವೇಗವನ್ನು ಬ್ರೇಕು ಮತ್ತು ರಸ್ತೆ ಸೇರಿ ತಗ್ಗಿಸಿದವು. ನಿಮ್ಮ ಪಾದದ ವೇಗವನ್ನು ಬಸ್ಸಿನ ನೆಲ ತಗ್ಗಿಸಿತು. ಎದೆ, ತಲೆಗಳ ವೇಗವನ್ನು ತಗ್ಗಿಸಲು ಆ ಕ್ಷಣಕ್ಕೆ ಯಾರೂ ಇರಲಿಲ್ಲ. ಅವು ಹಳೆಯ ವೇಗದಲ್ಲೇ ಮುಂದುವರಿದವು. ಇದೇ ಜಡತ್ವ. ಕಂಬಿ ಹಿಡಿದವರು ಮುಗ್ಗರಿಸುವುದಿಲ್ಲ, ಕಂಬಿ ಅವರನ್ನು ಹಿಂದಕ್ಕೆ ಎಳೆಯುತ್ತದೆ. ಕಾರಿನ ಸೀಟ್ ಬೆಲ್ಟ್ ಮಾಡುವುದೂ ಅಷ್ಟನ್ನೇ.

ಅದೇ ಬಸ್ಸು ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯತೊಡಗಿದ ಮೇಲೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಬಸ್ಸು ಎಡಕ್ಕೆ ತಿರುಗಿದಾಗ ನೀವು ಬಲಕ್ಕೆ ವಾಲುತ್ತೀರಿ. ಮತ್ತೆ ಅದೇ ಪ್ರಶ್ನೆ: ಬಲಕ್ಕೆ ತಳ್ಳಿದ್ದು ಯಾರು? ಮತ್ತೆ ಅದೇ ಉತ್ತರ: ಯಾರೂ ಅಲ್ಲ. ನೀವು ನೇರ ಹೋಗುತ್ತಿದ್ದೀರಿ, ಬಸ್ಸು ನಿಮ್ಮ ಕೆಳಗಿನಿಂದ ಎಡಕ್ಕೆ ಸರಿಯಿತು. ರಸ್ತೆಬದಿ ನಿಂತು ನೋಡುವವರಿಗೆ ಹೊರಕ್ಕೆ ತಳ್ಳುವ ಬಲ ಎಂಬುದೊಂದು ಕಾಣುವುದೇ ಇಲ್ಲ. ನಿಜವಾಗಿ ಬೇಕಾಗಿರುವುದು ಒಳಕ್ಕೆ ಎಳೆಯುವ ಬಲ. ವೇಗಕ್ಕೆ ದಿಕ್ಕೂ ಇದೆ. ಸ್ಪೀಡೋಮೀಟರಿನ ಮುಳ್ಳು ಅಲುಗದಿದ್ದರೂ ದಿಕ್ಕು ತಿರುಗಿದರೆ ವೇಗ ಬದಲಾದಂತೆಯೇ. ಬದಲಾಗಬೇಕೆಂದರೆ ಬಲ ಬೇಕು. ಆ ಬಲವನ್ನು ಕೊಡುವವರು ಯಾರು? ರಸ್ತೆ. ಯಾರ ಮೇಲೆ? ಟಯರಿನ ಮೇಲೆ. ಟಯರಿಗೂ ಡಾಂಬರಿಗೂ ನಡುವಿನ ಘರ್ಷಣೆ ಬಿಟ್ಟು ಬಸ್ಸನ್ನು ತಿರುಗಿಸಲು ಅಲ್ಲಿ ಬೇರೆ ಯಾರೂ ಇಲ್ಲ.

ಎಷ್ಟು ಬಲ ಬೇಕು ಎಂಬುದನ್ನು ಎರಡನೆಯ ನಿಯಮ ಹೇಳುತ್ತದೆ. ಬಲ ಎಂದರೆ ರಾಶಿ ಗುಣಿಸು ವೇಗೋತ್ಕರ್ಷ; ವೇಗೋತ್ಕರ್ಷ ಎಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬುದು. ಒಂದು ಕಿಲೋಗ್ರಾಂ ರಾಶಿಯ ವೇಗವನ್ನು ಒಂದು ಸೆಕೆಂಡಿನಲ್ಲಿ ಸೆಕೆಂಡಿಗೆ ಒಂದು ಮೀಟರ್‌ನಷ್ಟು ಬದಲಿಸುವ ಬಲವೇ ಒಂದು ನ್ಯೂಟನ್. ವೃತ್ತದಲ್ಲಿ ತಿರುಗುವ ವಸ್ತುವಿನ ವೇಗೋತ್ಕರ್ಷ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು, ಅದರ ದಿಕ್ಕು ವೃತ್ತದ ಕೇಂದ್ರದ ಕಡೆಗೆ. ತಿರುವಿನ ತ್ರಿಜ್ಯ 15 ಮೀಟರ್ ಎಂದು ಹಿಡಿಯೋಣ. ಗಂಟೆಗೆ 20 ಕಿಲೋಮೀಟರ್‌ನಲ್ಲಿ ತಿರುಗಿದರೆ ವೇಗೋತ್ಕರ್ಷ ಸುಮಾರು 2.1. ಗಂಟೆಗೆ 30 ಕಿಲೋಮೀಟರ್‌ನಲ್ಲಿ ಸುಮಾರು 4.6. ವೇಗ ಏರಿದ್ದು ಒಂದೂವರೆ ಪಟ್ಟು, ಬೇಕಾದ ಹಿಡಿತ ಏರಿದ್ದು ಎರಡೂಕಾಲು ಪಟ್ಟು. ಮಟ್ಟವಾದ ರಸ್ತೆಯಲ್ಲಿ ಟಯರಿಗೆ ಸಿಗಬಹುದಾದ ಗರಿಷ್ಠ ಹಿಡಿತ ವಾಹನದ ಭಾರದ ಒಂದು ಭಾಗ: ಒಣ ಡಾಂಬರಿನಲ್ಲಿ ಭಾರದ ಮುಕ್ಕಾಲರಷ್ಟು ಸಿಗಬಹುದು, ಜುಲೈ ತಿಂಗಳಲ್ಲಿ ನೀರು ಹರಿಯುವ, ಪಾಚಿ ಕಟ್ಟಿದ ರಸ್ತೆಯಲ್ಲಿ ಅರ್ಧವೂ ಸಿಗದೆ ಹೋಗಬಹುದು. 4.6 ಎಂದರೆ 9.8ರ ಹತ್ತಿರಹತ್ತಿರ ಅರ್ಧ. ಅಂದರೆ ಬೇಸಿಗೆಯಲ್ಲಿ ನಿಶ್ಚಿಂತೆಯಿಂದ ತಿರುಗಿಸಿದ ಅದೇ ವೇಗ ಮಳೆಗಾಲದಲ್ಲಿ ಹಿಡಿತದ ಅಂಚಿಗೆ ಬಂದು ನಿಂತಿರುತ್ತದೆ. ಹಿಡಿತ ಸಾಲದಿದ್ದರೆ ವಾಹನ ಹೊರಕ್ಕೆ ‘ಎಸೆಯಲ್ಪಡುವುದಿಲ್ಲ’, ಅದು ಸುಮ್ಮನೆ ನೇರ ಹೋಗುತ್ತದೆ. ಕಂದಕ ಇರುವುದು ಅಲ್ಲಿ. ಲೆಕ್ಕದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೇಕಾದ ಬಲವೂ ರಾಶಿಗೆ ತಕ್ಕಂತೆ ಏರುತ್ತದೆ, ಸಿಗುವ ಘರ್ಷಣೆಯೂ ರಾಶಿಗೆ ತಕ್ಕಂತೆ ಏರುತ್ತದೆ, ಆದ್ದರಿಂದ ರಾಶಿ ಎರಡೂ ಕಡೆಯಿಂದ ಕಳೆದುಹೋಗುತ್ತದೆ. ‘ನನ್ನದು ಭಾರದ ಗಾಡಿ, ನೆಲ ಕಚ್ಚಿ ನಿಲ್ಲುತ್ತದೆ’ ಎಂಬ ಧೈರ್ಯಕ್ಕೆ ಭೌತಶಾಸ್ತ್ರದಲ್ಲಿ ಆಧಾರವಿಲ್ಲ.

ಎರಡನೆಯ ನಿಯಮಕ್ಕೆ ಇನ್ನೊಂದು ಮುಖವಿದೆ, ನನಗೆ ಹೆಚ್ಚು ಇಷ್ಟವಾದದ್ದು ಅದೇ. ರಾಶಿ ಮತ್ತು ವೇಗವನ್ನು ಗುಣಿಸಿದರೆ ಬರುವುದು ಸಂವೇಗ. ಬಲ ಎಂದರೆ ಸಂವೇಗದ ಬದಲಾವಣೆಯನ್ನು ಅದಕ್ಕೆ ಹಿಡಿದ ಸಮಯದಿಂದ ಭಾಗಿಸಿದ್ದು. ನ್ಯೂಟನ್ ಕೂಡ ಈ ನಿಯಮವನ್ನು ಹೇಳಿದ್ದು ಚಲನೆಯ ಪರಿಮಾಣದ ಬದಲಾವಣೆಯಾಗಿಯೇ. ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಹೋಗಿ ನೋಡಿ. ಕೊನೆಗಾರ ಮರದ ತುದಿಯಲ್ಲಿ ಅಡಿಕೆ ಕೊನೆ ಕೊಯ್ದು ಹಾಗೇ ಕೆಳಕ್ಕೆ ಬಿಡುವುದಿಲ್ಲ, ಹಗ್ಗದ ಮೇಲೆ ಜಾರಿಸುತ್ತಾನೆ; ಕೆಳಗೆ ಹಗ್ಗದ ತುದಿ ಹಿಡಿದವರು ಅದನ್ನು ಬರಮಾಡಿಕೊಳ್ಳುತ್ತಾರೆ. 15 ಮೀಟರ್ ಎತ್ತರದಿಂದ ಐದು ಕಿಲೋ ಕೊನೆ ನೇರ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 17 ಮೀಟರ್, ಸಂವೇಗ 85. ಗಟ್ಟಿ ನೆಲ ಅದನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ನಿಲ್ಲಿಸಿತು ಎಂದರೆ ಬಲ 4,000 ನ್ಯೂಟನ್ ದಾಟುತ್ತದೆ. ಅಂದರೆ 400 ಕಿಲೋಗಿಂತ ಹೆಚ್ಚಿನ ಭಾರವನ್ನು ಆ ಕೊನೆಯ ಮೇಲೆ ಹೇರಿದ ಹಾಗೆ. ಕಾಯಿ ಚೆಲ್ಲಾಪಿಲ್ಲಿಯಾಗುವುದು ಇದರಿಂದ. ಹಗ್ಗದ ಮೇಲೆ ಜಾರುವ ಕೊನೆಗೆ ಘರ್ಷಣೆ ವೇಗ ಏರಗೊಡುವುದಿಲ್ಲ, ಉಳಿದದ್ದನ್ನು ಕೈಗಳು ಹಿಂದಕ್ಕೆ ಸರಿಯುತ್ತಾ ನಿಧಾನವಾಗಿ ಹೀರಿಕೊಳ್ಳುತ್ತವೆ. ಸಮಯ ಹತ್ತು ಪಟ್ಟಾದರೆ ಬಲ ಹತ್ತನೇ ಒಂದು ಭಾಗ. ತೋಟದವರು ಈ ಸೂತ್ರವನ್ನು ಕೈಯಿಂದ ಕಂಡುಕೊಂಡಿದ್ದಾರೆ.

ಈಗ ಮೂರನೆಯ ನಿಯಮ. ‘ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ.’ ಎಲ್ಲರಿಗೂ ಬಾಯಿಗೆ ಬರುವ ವಾಕ್ಯ, ಮೂರರಲ್ಲೂ ಹೆಚ್ಚು ತಪ್ಪಾಗಿ ತಿಳಿಯಲ್ಪಟ್ಟ ವಾಕ್ಯ. ಕ್ರಿಯೆ ಮೊದಲು, ಪ್ರತಿಕ್ರಿಯೆ ಆಮೇಲೆ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ನಿಜವಾಗಿ ಎರಡೂ ಒಂದೇ ಕ್ಷಣದವು, ಯಾವುದು ಯಾವುದಕ್ಕೂ ಕಾರಣವಲ್ಲ. ನಾನಾದರೆ ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ: ‘ಅ’ ಎಂಬ ವಸ್ತು ‘ಆ’ ಎಂಬ ವಸ್ತುವಿನ ಮೇಲೆ ಎಷ್ಟು ಬಲ ಹಾಕುತ್ತದೆಯೋ, ‘ಆ’ ಕೂಡ ‘ಅ’ ಮೇಲೆ ಅಷ್ಟೇ ಬಲವನ್ನು ಎದುರು ದಿಕ್ಕಿನಲ್ಲಿ ಹಾಕುತ್ತದೆ.

ಗಾಜನೂರಿನ ಹತ್ತಿರ, ತುಂಗೆಯ ದಡದಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಅಂಥ ಬಿಡಾರದ ಒಂದು ಆನೆ ಸರಪಳಿ ಕಟ್ಟಿದ ದಿಮ್ಮಿಯನ್ನು ಎಳೆಯುತ್ತಿದೆ ಎಂದುಕೊಳ್ಳಿ. ಮೂರನೆಯ ನಿಯಮದ ಪ್ರಕಾರ ಆನೆ ದಿಮ್ಮಿಯನ್ನು ಎಳೆದಷ್ಟೇ ಬಲದಿಂದ ದಿಮ್ಮಿಯೂ ಆನೆಯನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದ ಮೇಲೆ ಎರಡೂ ಕಳೆದುಹೋಗಿ ಏನೂ ಅಲುಗಬಾರದಲ್ಲ? ಜಾಣ ಮಕ್ಕಳೆಲ್ಲ ಒಮ್ಮೆ ಕೇಳಲೇಬೇಕಾದ ಪ್ರಶ್ನೆ ಇದು. ಕೇಳಿದ ಮಗುವನ್ನು ಸುಮ್ಮನೆ ಕೂರಿಸುವುದು ದೊಡ್ಡ ಅನ್ಯಾಯ.

ಬಿಡಿಸುವ ದಾರಿ ಅದೇ: ಯಾರು, ಯಾರ ಮೇಲೆ? ಮೊದಲು ದಿಮ್ಮಿಯೊಂದನ್ನೇ ನೋಡೋಣ, ಬೇರೆ ಎಲ್ಲವನ್ನೂ ಕಣ್ಣಿಂದ ಮರೆಮಾಡೋಣ. ದಿಮ್ಮಿಯ ರಾಶಿ 500 ಕಿಲೋ, ನೆಲದ ಘರ್ಷಣೆ ಅದರ ಭಾರದ ಅರ್ಧ ಎಂದಿಟ್ಟುಕೊಂಡರೆ ನೆಲ ದಿಮ್ಮಿಯನ್ನು ಹಿಂದಕ್ಕೆ ಹಿಡಿಯುವುದು 2,450 ನ್ಯೂಟನ್ ಬಲದಿಂದ. ಆನೆ ಸರಪಳಿಯ ಮೂಲಕ ಮುಂದಕ್ಕೆ 2,700 ನ್ಯೂಟನ್ ಎಳೆದರೆ ಉಳಿಯುವುದು 250. ಅದನ್ನು 500ರಿಂದ ಭಾಗಿಸಿದರೆ 0.5, ದಿಮ್ಮಿ ಅಷ್ಟು ವೇಗೋತ್ಕರ್ಷದಿಂದ ಹೊರಡುತ್ತದೆ. ದಿಮ್ಮಿ ಆನೆಯನ್ನು ಹಿಂದಕ್ಕೆ ಎಳೆಯುವ 2,700 ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಏಕೆಂದರೆ ಅದು ದಿಮ್ಮಿಯ ಮೇಲಿನ ಬಲವಲ್ಲ.

ಈಗ ಆನೆಯೊಂದನ್ನೇ ನೋಡೋಣ. ಸರಪಳಿ ಅದನ್ನು ಹಿಂದಕ್ಕೆ 2,700 ನ್ಯೂಟನ್ ಎಳೆಯುತ್ತಿದೆ. ಮುಂದಕ್ಕೆ ತಳ್ಳುವವರು ಯಾರು? ಆನೆ ತನ್ನನ್ನು ತಾನೇ ತಳ್ಳಿಕೊಳ್ಳಲಾರದು. ಅದು ಪಾದಗಳಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಆನೆಯನ್ನು ಅಷ್ಟೇ ಬಲದಿಂದ ಮುಂದಕ್ಕೆ ಒತ್ತುತ್ತದೆ. 3,000 ಕಿಲೋ ತೂಗುವ ಆನೆಯೂ ದಿಮ್ಮಿಯ ಜೊತೆ 0.5 ವೇಗೋತ್ಕರ್ಷದಿಂದ ಹೊರಡಬೇಕೆಂದರೆ ನೆಲ ಕೊಡಬೇಕಾದ್ದು 2,700 ಮತ್ತು 1,500, ಒಟ್ಟು 4,200 ನ್ಯೂಟನ್. ಹದವಾದ ನಡಿಗೆಯ ವೇಗ ಬಂದ ಮೇಲೆ ವೇಗ ಬದಲಾಗಬೇಕಿಲ್ಲ, ಆಗ ಸರಪಳಿಯ ಎಳೆತ 2,450ಕ್ಕೆ ಇಳಿಯುತ್ತದೆ, ನೆಲದ ಒತ್ತೂ ಅಷ್ಟೇ. ದಿಮ್ಮಿಯನ್ನು ಅಲುಗಿಸುವುದೇ ಕಷ್ಟ, ಹೊರಟ ಮೇಲೆ ಸಲೀಸು ಎಂದು ಕೆಲಸ ಮಾಡುವವರು ಹೇಳುವುದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ, ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಹೆಚ್ಚಾಗಿರುವುದು. ಕೆಸರಿನಲ್ಲಿ ಆನೆಯ ಕಾಲು ಜಾರತೊಡಗಿದರೆ ಅದರ ಶಕ್ತಿ ಎಲ್ಲಿಯೂ ಹೋಗಿಲ್ಲ. ನೆಲ ತಿರುಗಿ ಒತ್ತಲಾರದಾಗಿದೆ.

ಇಲ್ಲೇ ಇನ್ನೊಂದು ತಪ್ಪನ್ನೂ ತಿದ್ದಿಬಿಡಬೇಕು. ನೆಲದ ಮೇಲಿಟ್ಟ ಅಡಿಕೆ ಮೂಟೆಯನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ನೆಲ ಮೇಲಕ್ಕೆ ಒತ್ತುತ್ತದೆ, ಎರಡೂ ಸಮ, ಎರಡೂ ವಿರುದ್ಧ. ಇದೇ ಕ್ರಿಯೆ–ಪ್ರತಿಕ್ರಿಯೆ ಎಂದು ಉತ್ತರ ಪತ್ರಿಕೆಗಳಲ್ಲಿ ಬರೆಯುವವರು ಬಹಳ. ಅಲ್ಲ. ಆ ಎರಡೂ ಬಲಗಳು ಒಂದೇ ಮೂಟೆಯ ಮೇಲಿವೆ, ಆದ್ದರಿಂದ ಜೋಡಿಯಾಗಲಾರವು. ಅವು ಸಮವಾಗಿರುವುದು ಮೊದಲನೆಯ ನಿಯಮದ ದೆಸೆಯಿಂದ, ಮೂಟೆ ನಿಂತಿದೆಯಾದ್ದರಿಂದ. ಅದೇ ಮೂಟೆಯನ್ನು ಮೇಲಕ್ಕೆ ಹೊರಡುವ ಲಿಫ್ಟಿನಲ್ಲಿಡಿ, ನೆಲದ ಒತ್ತು ಭಾರಕ್ಕಿಂತ ಹೆಚ್ಚಾಗುತ್ತದೆ, ಸಮತ್ವ ತಪ್ಪುತ್ತದೆ. ನಿಜವಾದ ಜೋಡಿ ಎಂದೂ ತಪ್ಪುವುದಿಲ್ಲ. ಭೂಮಿ ಮೂಟೆಯನ್ನು ಎಳೆಯುವುದರ ಜೋಡಿ, ಮೂಟೆ ಭೂಮಿಯನ್ನು ಮೇಲಕ್ಕೆ ಎಳೆಯುವುದು. ಬಲ ಅಷ್ಟೇ, ಭೂಮಿಯ ರಾಶಿ ಮಾತ್ರ ಸುಮಾರು 6ರ ಮುಂದೆ 24 ಸೊನ್ನೆ ಬರೆದಷ್ಟು ಕಿಲೋಗ್ರಾಂ. ಹಾಗಾಗಿ ಅದು ಅಲುಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮೂರೂ ನಿಯಮಗಳು ಒಂದೇ ಕಡೆ ದುಡಿಯುವುದನ್ನು ಕಾಣಬೇಕೆಂದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಜಾಗವಿದೆ. ಜೋಗದಲ್ಲಿ ಶರಾವತಿ ಧುಮುಕುವುದು 253 ಮೀಟರ್. ಗಾಳಿ ಇಲ್ಲದಿದ್ದರೆ ನೀರು ಏಳು ಸೆಕೆಂಡಿಗೆ ತಳ ಸೇರಿ, ಸೆಕೆಂಡಿಗೆ 70 ಮೀಟರ್ ವೇಗ ಪಡೆಯುತ್ತಿತ್ತು. ಬಂಡೆಗೆ ಬಡಿದು, ಹನಿಹನಿಯಾಗಿ ಒಡೆದು ಆ ವೇಗದ ಬಹುಪಾಲು ಪೋಲಾಗುತ್ತದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ನೀರನ್ನು ಉಕ್ಕಿನ ಕೊಳವೆಗಳಲ್ಲಿ ಇಳಿಸಿ, ಕೊನೆಯಲ್ಲಿ ಕಿರಿದಾದ ಮೂತಿಯಿಂದ ಚಿಮ್ಮಿಸಿ ಚಕ್ರಕ್ಕೆ ಹೊಡೆಸಲಾಗುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಅಲ್ಲಿರುವವು ಪೆಲ್ಟನ್ ಚಕ್ರಗಳು. ಅಮೆರಿಕದ ಲೆಸ್ಟರ್ ಪೆಲ್ಟನ್ ಇದಕ್ಕೆ ಪೇಟೆಂಟ್ ಪಡೆದದ್ದು 1880ರಲ್ಲಿ.

ಆ ಚಕ್ರದ ಅಂಚಿನಲ್ಲಿ ಜೋಡಿ ಬಟ್ಟಲುಗಳಿವೆ, ನಡುವೆ ಚೂಪಾದ ಏಣು. ಚಿಮ್ಮಿದ ಧಾರೆ ಏಣಿಗೆ ತಾಗಿ ಎರಡಾಗಿ ಸೀಳಿ, ಬಟ್ಟಲಿನ ಒಳಮೈಯಲ್ಲಿ ಹೊರಳಿ, ಬಂದ ದಿಕ್ಕಿಗೇ ಹತ್ತಿರಹತ್ತಿರ ಹಿಂದಿರುಗುತ್ತದೆ. ಹೀಗೇಕೆ? ಚಪ್ಪಟೆ ಹಲಗೆ ನೀರನ್ನು ಬರೀ ನಿಲ್ಲಿಸುತ್ತದೆ, ಬಟ್ಟಲು ನಿಲ್ಲಿಸಿ ತಿರುಗಿಸುತ್ತದೆ. ಸಂವೇಗದ ಬದಲಾವಣೆ ಎರಡು ಪಟ್ಟು, ಆದ್ದರಿಂದ ಬಟ್ಟಲು ನೀರಿನ ಮೇಲೆ ಹಾಕುವ ಬಲವೂ ಎರಡು ಪಟ್ಟು. ಅಷ್ಟೇ ಬಲವನ್ನು ನೀರು ಬಟ್ಟಲಿನ ಮೇಲೆ ಹಾಕುತ್ತದೆ, ಚಕ್ರ ತಿರುಗುತ್ತದೆ. ಧಾರೆಯ ವೇಗ ಸೆಕೆಂಡಿಗೆ 80 ಮೀಟರ್, ಬಟ್ಟಲಿನದು ಅದರ ಅರ್ಧ, 40 ಮೀಟರ್ ಇರಲಿ. ಬಟ್ಟಲಿನ ಮೇಲೆ ಕುಳಿತು ನೋಡುವವರಿಗೆ ನೀರು 40ರಲ್ಲಿ ಬಂದು 40ರಲ್ಲಿ ಹಿಂದಿರುಗುತ್ತದೆ. ನೆಲದ ಮೇಲೆ ನಿಂತವರಿಗೆ ಆ ಹಿಂದಿನ 40 ಮತ್ತು ಬಟ್ಟಲಿನ ಮುಂದಿನ 40 ಕಳೆದು, ಹೊರಬಿದ್ದ ನೀರಿನ ವೇಗ ಸೊನ್ನೆ! ನೀರಿನಲ್ಲಿದ್ದ ಚಲನೆಯ ಶಕ್ತಿ ಪೂರ್ತಿ ಚಕ್ರಕ್ಕೆ ಹೋಯಿತು. ಸೆಕೆಂಡಿಗೆ ಒಂದು ಘನ ಮೀಟರ್ ನೀರಿಗೆ 80,000 ನ್ಯೂಟನ್ ಬಲ, 3.2 ಮೆಗಾವಾಟ್ ಶಕ್ತಿ. ನಿಜವಾದ ಚಕ್ರದಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ, ಆದರೂ ಹತ್ತರಲ್ಲಿ ಒಂಬತ್ತು ಭಾಗದಷ್ಟು ದಕ್ಕುತ್ತದೆ.

ಈಗ ತಂತಿಯ ಆಚೆ ಎಲ್ಲೋ ತೊಂದರೆಯಾಗಿ ಲೋಡ್, ಅಂದರೆ ವಿದ್ಯುತ್ತನ್ನು ಎಳೆದುಕೊಳ್ಳುವ ಬೇಡಿಕೆ, ಹಠಾತ್ತನೆ ಕಡಿದುಹೋಯಿತು ಎಂದುಕೊಳ್ಳಿ. ಚಕ್ರವನ್ನು ತಡೆಯುತ್ತಿದ್ದ ಜನರೇಟರಿನ ಎಳೆತ ಮಾಯ, ನೀರಿನ ಒತ್ತು ಮಾತ್ರ ಉಳಿದಿದೆ, ಚಕ್ರ ಬಿರುಸಾಗುತ್ತದೆ. ಬಿಟ್ಟರೆ ಬಟ್ಟಲಿನ ವೇಗ ಧಾರೆಯ ವೇಗದ ಹತ್ತಿರ ಬರುವವರೆಗೂ ಏರುತ್ತದೆ. ಚಕ್ರ ಸಿಡಿಯುವ ಅಪಾಯ. ಹಾಗೆಂದು ನೀರನ್ನು ತಟ್ಟನೆ ಮುಚ್ಚುವಂತೆಯೂ ಇಲ್ಲ. ಒಂದು ಕಿಲೋಮೀಟರ್ ಉದ್ದ, ಎರಡು ಚದರ ಮೀಟರ್ ಬಾಯಿಯ ಕೊಳವೆ ಎಂದು ಹಿಡಿದರೂ ಒಳಗಿರುವ ನೀರು 20 ಲಕ್ಷ ಕಿಲೋಗ್ರಾಂ. ಅದು ಸೆಕೆಂಡಿಗೆ 3 ಮೀಟರ್‌ನಲ್ಲಿ ಸಾಗುತ್ತಿದ್ದರೆ ಸಂವೇಗ 60 ಲಕ್ಷ. ಒಂದು ಸೆಕೆಂಡಿನಲ್ಲಿ ನಿಲ್ಲಿಸಹೊರಟರೆ ಸರಾಸರಿ 60 ಲಕ್ಷ ನ್ಯೂಟನ್ ಬಲ ಬೇಕು, ಕೊಳವೆ ಬಿರಿಯುತ್ತದೆ. ಒಂದು ನಿಮಿಷ ತೆಗೆದುಕೊಂಡರೆ ಒಂದು ಲಕ್ಷ ಸಾಕು. ಆದ್ದರಿಂದ ಪೆಲ್ಟನ್ ಯಂತ್ರದ ಮೂತಿಯ ಮುಂದೆ ಒಂದು ತಿರುವು ಫಲಕವನ್ನು ಇಟ್ಟಿರುತ್ತಾರೆ. ಲೋಡ್ ತಪ್ಪಿದ ಕೂಡಲೇ ಅದು ಅಡ್ಡ ಬಂದು ಧಾರೆಯನ್ನು ಬಟ್ಟಲಿನಿಂದ ಪಕ್ಕಕ್ಕೆ ಸರಿಸುತ್ತದೆ. ಮೂತಿಯೊಳಗಿನ ಸೂಜಿ ಕವಾಟ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.